ಅಮ್ಮನಿಗೆ ಸಿಒಪಿಡಿ: ಆ್ಯಂಟಿಆಕ್ಸಿಡೆಂಟ್ ಮಾತ್ರೆ ಕೊಡಬೇಕಾ?

ತೀರ್ಥಹಳ್ಳಿ ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 63 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಕೆಲವು ವರ್ಷಗಳಿಂದ ಚಳಿಗಾಲ ಬಂದರೆ ಕೆಮ್ಮು, ಕಫ. ಈಗ ತೋಟದಿಂದ ಧರೆ ಹತ್ತಿ ಬರುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಶಿವಮೊಗ್ಗದಲ್ಲಿ ಊದುವ ಪರೀಕ್ಷೆ ಮಾಡಿಸಿದೆವು. ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಅಂದರು. ಎಫ್‌ಇವಿ 1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಇರಬೇಕಾದ್ದರ ಶೇ 52 ಇದೆ. ಇನ್‌ಹೇಲರ್ ಕೊಟ್ಟಿದ್ದಾರೆ. ಜೊತೆಗೆ ನೀರಿಗೆ ಹಾಕಿದರೆ ಬುಸ್ಸಂತ ಕರಗುವ 600 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಎರಡು. ವಾಸನೆ ತಡೆಯಲಾಗದೆ ಅಮ್ಮ ಮೂಗು ಮುಚ್ಚಿ ಕುಡಿಯುತ್ತಾರೆ.

ಶ್ವಾಸಕೋಶದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಆಗಿದೆ, ಅದಕ್ಕೆ ಈ ಮಾತ್ರೆ ಅಂತ ಡಾಕ್ಟರ್ ಹೇಳಿದರು. ಇದನ್ನು ಕೇಳಿದ ನೆಂಟರೊಬ್ಬರು ಆ್ಯಂಟಿಆಕ್ಸಿಡೆಂಟ್ ಅಂತ ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಇರುವ ಕ್ಯಾಪ್ಸೂಲ್ ಡಬ್ಬಿ ತಂದುಕೊಟ್ಟಿದ್ದಾರೆ. ತಿಂಗಳಿಗೆ 2,400 ರೂಪಾಯಿ. ಇದನ್ನೂ ಕೊಡಬೇಕಾ? ಮನೆಗೆ ಗ್ಯಾಸ್ ಬಂದು ಬಹಳ ವರ್ಷವಾಯಿತು. ಒಲೆಯ ಹೊಗೆಯಿಂದ ಈ ಕಾಯಿಲೆ ಬಂದಿದ್ದು ಅನ್ನುವುದು ನನಗೆ ಅಷ್ಟು ಸರಿ ಅನ್ನಿಸುತ್ತಿಲ್ಲ.

ಪಿಎಫ್‌ಟಿ ಟೆಕ್ನಿಷಿಯನ್, ಮೈಸೂರು:

ನಮಸ್ಕಾರ ಮೇಡಂ. ನಾನು ಡಾಕ್ಟರ್ ಅಲ್ಲ. ಊದುವ ಪರೀಕ್ಷೆ (ಪಿಎಫ್‌ಟಿ) ಮಾಡಿಸುವುದೇ ನನ್ನ ಕೆಲಸ. ನಿಮ್ಮ ಅಮ್ಮನಂಥ ಹೆಂಗಸರು ನಮ್ಮ ಕೋಣೆಗೆ ದಿನಾ ಬರುತ್ತಾರೆ. ನಾನು ಅವರಿಗೆ ಕೇಳುವ ಮೊದಲ ಪ್ರಶ್ನೆ: ಸ್ನಾನದ ನೀರು ಯಾವುದರಲ್ಲಿ ಕಾಯಿಸುತ್ತೀರಿ? ಅಡುಗೆಗೆ ಗ್ಯಾಸ್ ಇರುತ್ತದೆ. ಬಚ್ಚಲ ಒಲೆ ಮಾತ್ರ ಸೌದೆಯದ್ದೇ. ನಿಮ್ಮ ಕಡೆ ಅಡಿಕೆ ಬೇಯಿಸುವ ಒಲೆ ಬೇರೆ ಇದೆ, ಅಲ್ವಾ?

ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಲೆಕ್ಕ ಬಳಸಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂತರು, ಎಷ್ಟು ವರ್ಷ ಕೂತರು, ಎರಡನ್ನೂ ಗುಣಿಸುವುದು. ಅದು 60 ದಾಟಿದರೆ ದೀರ್ಘಕಾಲದ ಕಫ-ಕೆಮ್ಮಿನ ಅಪಾಯ ಏರುತ್ತದೆ. ದಿನಕ್ಕೆ ಮೂರು ಗಂಟೆಯಂತೆ 20 ವರ್ಷ ಅಂದರೆ 60 ಆಯಿತು. ಗ್ಯಾಸ್ ಬರುವ ಮೊದಲೇ ನಿಮ್ಮ ಅಮ್ಮ ಅದನ್ನು ದಾಟಿರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಗೆಯಲ್ಲಿ ಫ್ರೀ ರ‍್ಯಾಡಿಕಲ್ ಅನ್ನುವ ಕಣಗಳಿರುತ್ತವೆ. ಸಿಗರೇಟಿನ ಒಂದು ದಮ್ಮಿನಲ್ಲಿ ಇವು 1ರ ಮುಂದೆ 15 ಸೊನ್ನೆ ಹಾಕಿದಷ್ಟು ಇರುತ್ತವೆ. ಸೌದೆ ಹೊಗೆಯಲ್ಲೂ ಇವೆ. ಹೊಗೆ ಒಳಗೆ ಹೋದಾಗ ಅದನ್ನು ಎದುರಿಸಲು ರಕ್ತದ ಬಿಳಿ ಕಣಗಳು ಶ್ವಾಸಕೋಶಕ್ಕೆ ನುಗ್ಗುತ್ತವೆ. ಅವೂ ಹೈಡ್ರೋಜನ್ ಪೆರಾಕ್ಸೈಡ್‌ನಂಥದ್ದನ್ನೇ ಸುರಿಯುತ್ತವೆ. ಹೊಗೆ ನಿಂತ ಮೇಲೂ ಎಷ್ಟೋ ಜನರಲ್ಲಿ ಈ ಎರಡನೆಯದು ನಿಲ್ಲುವುದಿಲ್ಲ. ಗ್ಯಾಸ್ ಬಂದು ವರ್ಷಗಳಾದರೂ ಕೆಮ್ಮು ಯಾಕೆ ಅನ್ನುವುದಕ್ಕೆ ಇದೊಂದು ಕಾರಣ.

ಇದನ್ನು ತಡೆಯಲು ದೇಹದ ಹತ್ತಿರ ಗ್ಲುಟಾಥಯೋನ್ ಅನ್ನುವ ಆ್ಯಂಟಿಆಕ್ಸಿಡೆಂಟ್ ಇದೆ. ಶ್ವಾಸಕೋಶದ ಒಳಪದರದ ತೇವದಲ್ಲಿ ಅದು ರಕ್ತದ ಪ್ಲಾಸ್ಮಾಗಿಂತ 100 ಪಟ್ಟು ಜಾಸ್ತಿ. ದಾಳಿ ಅದನ್ನೂ ಮೀರಿದಾಗ ಹಾನಿ ಶುರು. ಡಾಕ್ಟರ್ ಹೇಳಿದ ಆಕ್ಸಿಡೇಟಿವ್ ಸ್ಟ್ರೆಸ್ ಇದೇ. ಗಾಳಿಗೂಡಿನ ಗೋಡೆಯನ್ನು ಕಾಯುವ ಆಲ್ಫಾ 1 ಆ್ಯಂಟಿಟ್ರಿಪ್ಸಿನ್ ಅನ್ನುವ ಪ್ರೊಟೀನ್ ಕೆಲಸಕ್ಕೆ ಬಾರದಂತಾಗುತ್ತದೆ. ಕಾವಲು ತಪ್ಪಿದಾಗ ಎಲಾಸ್ಟೇಸ್ ಅನ್ನುವ ಕಿಣ್ವ ಆ ಗೋಡೆಯನ್ನು ತಿನ್ನುತ್ತದೆ. ಕಫ ಹೆಚ್ಚುತ್ತದೆ. ಉರಿಯೂತ ತಗ್ಗಿಸಲು ಸ್ಟೀರಾಯ್ಡ್‌ಗೆ ಬೇಕಾದ ಎಚ್‌ಡಿಎಸಿ 2 ಅನ್ನುವ ಕಿಣ್ವವೂ ಕಡಿಮೆಯಾಗುತ್ತದೆ. ಆಸ್ತಮಾದವರಿಗೆ ಸ್ಟೀರಾಯ್ಡ್ ಇನ್‌ಹೇಲರ್ ಒಗ್ಗಿದಷ್ಟು ಸಿಒಪಿಡಿಯವರಿಗೆ ಒಗ್ಗದೇ ಇರುವುದಕ್ಕೆ ಇದೂ ಕಾರಣ.

ಬುಸ್ಸಂತ ಕರಗುವುದು ಎನ್-ಅಸಿಟೈಲ್‌ಸಿಸ್ಟೀನ್. ಅದರಲ್ಲಿ ಗಂಧಕ ಇದೆ, ಆ ವಾಸನೆ ಅದರದ್ದೇ. ಅದು ಗ್ಲುಟಾಥಯೋನ್‌ಗೆ ಬೇಕಾದ ಕಚ್ಚಾವಸ್ತು ಒದಗಿಸುತ್ತದೆ, ಕಫವನ್ನೂ ಸಡಿಲ ಮಾಡುತ್ತದೆ. ಫಲಿತಾಂಶ ಮಾತ್ರ ಮಿಶ್ರ. 2005ರಲ್ಲಿ ಬಂದ ಯುರೋಪಿನ ಬ್ರಾಂಕಸ್ ಅಧ್ಯಯನದಲ್ಲಿ 523 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 600 ಮಿಲಿಗ್ರಾಂನಂತೆ, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆ ಮೂರು ವರ್ಷ ಕೊಟ್ಟರು. ಶ್ವಾಸಕೋಶದ ಸಾಮರ್ಥ್ಯ ಇಳಿಯುವುದು ನಿಲ್ಲಲಿಲ್ಲ. 2014ರಲ್ಲಿ ಚೀನಾದ ಪ್ಯಾಂಥಿಯಾನ್ ಅಧ್ಯಯನದಲ್ಲಿ 1,006 ಜನರಲ್ಲಿ ಅರ್ಧದಷ್ಟು ಮಂದಿಗೆ ಅದೇ ಮಾತ್ರೆ ದಿನಕ್ಕೆರಡು, ಉಳಿದವರಿಗೆ ಹುಸಿ ಮಾತ್ರೆ. ರೋಗ ಉಲ್ಬಣಿಸಿದ್ದು ವರ್ಷಕ್ಕೆ ಸರಾಸರಿ 1.49 ಸಲದ ಬದಲು 1.16 ಸಲ. 2024ರಲ್ಲಿ ಅದೇ ಚೀನಾದಲ್ಲಿ, ರೋಗ ಇನ್ನೂ ಅಷ್ಟು ಬಲಿಯದವರಿಗೆ ಅದೇ ಪ್ರಮಾಣ ಎರಡು ವರ್ಷ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಅಮ್ಮನ 52 ಈ ಕೊನೆಯ ಎರಡರ ವ್ಯಾಪ್ತಿಗೂ ಬರುತ್ತದೆ. ಹಾಗಾಗಿ ಡಾಕ್ಟರ್ ಬರೆದಿದ್ದನ್ನು ಮುಂದುವರಿಸಿ. ಅದರ ಮೇಲೇ ಪೂರ್ತಿ ಭಾರ ಹಾಕಬೇಡಿ.

ನೆಂಟರ ಡಬ್ಬಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಸರ ಮೇಲೆ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18 ಜಾಸ್ತಿ ಇತ್ತು. ಕೆಮ್ಮು, ಕಫ, ಏದುಸಿರಿಗೂ ಲಾಭವಾಗಿರಲಿಲ್ಲ. ನಿಮ್ಮ ಅಮ್ಮ ಸಿಗರೇಟು ಸೇದಿದವರಲ್ಲ, ಕ್ಯಾನ್ಸರಿನ ಆ ಅಂಕಿ ಅವರಿಗೆ ನೇರವಾಗಿ ಹೊಂದುವುದಿಲ್ಲ. ಆದರೆ ಲಾಭವಿಲ್ಲದ್ದಕ್ಕೆ ತಿಂಗಳಿಗೆ 2,400 ಯಾಕೆ? ಅದೇ ದುಡ್ಡಲ್ಲಿ ಫ್ಲೂ ಲಸಿಕೆ ಹಾಕಿಸಿ. ನ್ಯುಮೋನಿಯಾ ಲಸಿಕೆ ಬಗ್ಗೆಯೂ ಡಾಕ್ಟರನ್ನು ಕೇಳಿ.

ಶಿರಸಿ ತೋಟಿಗ:

ಬಚ್ಚಲ ಒಲೆ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಅತ್ತಿಗೆಗೂ ಇದೇ ತೊಂದರೆ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇದೆ. ಆದರೆ ಚಿಮಣಿಯಲ್ಲಿ ಮಸಿ ಕಟ್ಟಿಕೊಂಡರೆ ಅದೂ ಮನೆಯೊಳಗೇ ಹೊಗೆ ಬಿಡುತ್ತದೆ. ಆಗಾಗ ಕೆರೆಸಬೇಕು. ಸ್ನಾನಕ್ಕೆ ಸೋಲಾರ್ ಹಾಕಿಸಿದ್ದೇವೆ. ಮಳೆಗಾಲದಲ್ಲಿ ಬಿಸಿಲಿಲ್ಲದ ದಿನ ಕರೆಂಟಿನ ಗೀಸರ್. ಅಡಿಕೆ ಕೊಯ್ಲಿನಲ್ಲಿ ಅದನ್ನು ಬೇಯಿಸುವ ಚೊಗರಿನ ಹಂಡೆ ಹತ್ತಿರ ಅತ್ತಿಗೆಯನ್ನು ಬಿಡುವುದೇ ಇಲ್ಲ. ಸುಲಿಯುವುದಕ್ಕೆ ಕೂತರೂ ಗಾಳಿ ಬರುವ ಕಡೆಗೇ ಕೂರಿಸುತ್ತೇವೆ.

ಹಾಸನದಿಂದ:

ನಮ್ಮ ತಂದೆ ಬೀಡಿ ಬಿಟ್ಟ ಮೇಲೆ ಈ ಕರಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಫ ಸಲೀಸಾಗಿ ಬರುತ್ತದೆ ಅನ್ನುತ್ತಾರೆ. ಅಧ್ಯಯನ ಏನೇ ಹೇಳಲಿ, ಅವರಿಗೆ ಅದೇ ದೊಡ್ಡ ನೆಮ್ಮದಿ.

ತೀರ್ಥಹಳ್ಳಿ ಕಡೆಯವಳು:

ಎಲ್ಲರಿಗೂ ಧನ್ಯವಾದ. ಬಚ್ಚಲ ಒಲೆ ನಮ್ಮಲ್ಲೂ ಇದೆ. ಬೆಳಗ್ಗೆ ಐದಕ್ಕೇ ಎದ್ದು ಉರಿ ಹಾಕುವವರು ಅಮ್ಮನೇ. ನನ್ನ ಲೆಕ್ಕಕ್ಕೆ ಇದು ಬಂದೇ ಇರಲಿಲ್ಲ. ಅಣ್ಣನ ಹತ್ತಿರ ಸೋಲಾರ್ ಮಾತು ಎತ್ತಿದ್ದೇನೆ. ಇನ್ನೊಂದು ಪ್ರಶ್ನೆ. ಇನ್‌ಹೇಲರ್ ಎಳೆದ ತಕ್ಷಣ ಅಮ್ಮನಿಗೆ ಕೆಮ್ಮು ಬರುತ್ತದೆ. ಔಷಧಿ ಒಳಗೆ ಹೋಗುತ್ತಿದೆಯಾ?

ಪಿಎಫ್‌ಟಿ ಟೆಕ್ನಿಷಿಯನ್, ಮೈಸೂರು:

ಒತ್ತುವ ಇನ್‌ಹೇಲರ್ ಆಗಿದ್ದರೆ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಹಾಕಿಸಿಕೊಳ್ಳಿ. ಮೊದಲು ಉಸಿರು ಪೂರ್ತಿ ಬಿಡಲಿ. ಒತ್ತಿ ನಿಧಾನಕ್ಕೆ ಎಳೆಯಲಿ. ಆಮೇಲೆ 10 ಸೆಕೆಂಡ್, ಆಗದಿದ್ದರೆ ಆದಷ್ಟು ಹೊತ್ತು ಹಿಡಿಯಲಿ. ಪುಡಿಯ ಇನ್‌ಹೇಲರ್ ಆದರೆ ಸ್ಪೇಸರ್ ಬೇಡ, ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಲಿ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಇನ್‌ಹೇಲರ್ ಜೊತೆಗೇ ಒಯ್ದು, ಡಾಕ್ಟರ್ ಎದುರಿಗೇ ಅಮ್ಮನಿಂದ ಎಳೆಸಿ ತೋರಿಸಿ.