ಬ್ಲಡ್ ವರ್ಮ್ ಹಾಕಿದ ಮೇಲೆ ಆಸ್ಕರ್ ಮೀನು ತಿನ್ನುತ್ತಿಲ್ಲ, ನನ್ನ ಬೆರಳೂ ಊದಿದೆ

ಆಸ್ಕರ್_ಮನೆ:
ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಇಲ್ಲಿ ಎಲ್ಲರೂ ಬ್ಲಡ್ ವರ್ಮ್ ಕೊಡಿ, ಮೀನು ಮುಗಿಬಿದ್ದು ತಿನ್ನುತ್ತೆ ಅಂತ ಹೇಳಿದ್ದಕ್ಕೆ ತಂದೆ. ಆಸ್ಕರ್ ಬಾಯಿಗೆ ಹಾಕಿಕೊಂಡು ಉಗುಳಿತು. ಬೆಳಿಗ್ಗೆ ನೋಡಿದರೆ ನೀರು ಮಬ್ಬು. ನನ್ನ ಹೆಬ್ಬೆರಳು ಊದಿ ಉರಿಯುತ್ತಿದೆ. ಫಿಲ್ಟರ್, ಹೀಟರ್ ಎರಡೂ ಸರಿ ಇವೆ, ಅದನ್ನೇ ಕೇಳಬೇಡಿ.

ಡಿಸ್ಕಸ್_ಮೈಸೂರು:
ಅಲರ್ಜಿ. ಅನುಮಾನವೇ ಬೇಡ. ಒಣಗಿಸಿದ ಬ್ಲಡ್ ವರ್ಮ್ ಡಬ್ಬಿ ತೆಗೆದರೆ ಸಾಕು, ನನಗೆ ಸೀನು ಬಂದು ಕಣ್ಣು ಕೆಂಪಾಗುತ್ತದೆ. ಅದರ ಹಿಮೋಗ್ಲೋಬಿನ್ ಕೆಲವರ ಮೈಗೆ ಆಗುವುದಿಲ್ಲ. ಗ್ಲೌಸ್ ಹಾಕಿ. ಯಾವ ಕಂಪನಿದು?

ಆಸ್ಕರ್_ಮನೆ:
ಕಂಪನಿ ಇಲ್ಲ. ಒಣಗಿದ್ದೂ ಅಲ್ಲ. ಸೀನೂ ಬಂದಿಲ್ಲ.

ಡಿಸ್ಕಸ್_ಮೈಸೂರು:
ಹಾಗಾದರೆ ಫ್ರೋಜನ್ ಕ್ಯೂಬ್. ಕರಗಿಸಿ, ಬಲೆಯಲ್ಲಿ ತೊಳೆದು ಹಾಕಬೇಕು. ಆ ಕೆಂಪು ನೀರು ಟ್ಯಾಂಕಿಗೆ ಹೋದರೆ ಮಬ್ಬಾಗದೆ ಇನ್ನೇನು? ನನ್ನ 400 ಲೀಟರ್ ಟ್ಯಾಂಕಿನಲ್ಲಿ 12 ಡಿಸ್ಕಸ್ ಮೀನು ಇವೆ, ಎರಡು ಕ್ಯಾನಿಸ್ಟರ್ ಫಿಲ್ಟರ್ ಓಡುತ್ತವೆ, ದಿನಾ ಕ್ಯೂಬ್ ಹಾಕಿದರೂ ನೀರು ಗಾಜಿನ ಹಾಗಿದೆ. ಫೋಟೋ ಹಾಕುತ್ತೇನೆ ಇರಿ.

ಪದಪ್ರೀತಿ:
ರಕ್ತಹುಳು ಅಂತ ಕನ್ನಡದಲ್ಲೇ ಬರೆಯಬಹುದಲ್ವಾ?

ಡಿಸ್ಕಸ್_ಮೈಸೂರು:
ಅದು ಹುಳುವೇ ಅಲ್ಲ. ಸೊಳ್ಳೆಯ ಹಾಗೆ ಕಾಣುವ, ಆದರೆ ಕಚ್ಚದ ಒಂದು ನೊಣದ ಮರಿ.

ಪದಪ್ರೀತಿ:
ನಮ್ಮಲ್ಲಿ ಎರೆಹುಳು, ರೇಷ್ಮೆಹುಳು, ಮಿಂಚುಹುಳು ಎಲ್ಲವೂ ಹುಳುವೇ. ಮರಿಯನ್ನು ಹುಳು ಅಂದರೆ ತಪ್ಪೇನಿಲ್ಲ.

ಕುಡ್ಲದ_ಗಾಳ:
ಮಾರಾಯ್ರೇ, ಹೆಸರಿನ ಜಗಳ ಆಮೇಲೆ. ಆಸ್ಕರ್ ಅಣ್ಣಾ, ಹುಳು ಎಷ್ಟುದ್ದ ಇತ್ತು? ಎಲ್ಲಿ ತಗೊಂಡಿರಿ?

ಆಸ್ಕರ್_ಮನೆ:
ಒಂದು ಗೇಣು ಇತ್ತು. ಜೀವಂತ. ನಾನಿರುವುದು ನ್ಯೂಜೆರ್ಸಿಯಲ್ಲಿ, ಹೇಳಿರಲಿಲ್ಲವೇನೋ. ಬೀಚ್ ಹತ್ತಿರದ ಗಾಳದ ಅಂಗಡಿಯಲ್ಲಿ ಬೋರ್ಡ್ ಮೇಲೆ ಬ್ಲಡ್ ವರ್ಮ್ ಅಂತಲೇ ಇತ್ತು. ಹಸಿ ಪಾಚಿಯಲ್ಲಿ ಸುತ್ತಿ ಒಂದು ಡಜನ್ ಕೊಟ್ಟರು. ಕತ್ತರಿಯಲ್ಲಿ ತುಂಡು ಮಾಡುವಾಗ ಅಂಗೈ ತುಂಬಾ ಕೆಂಪು ನೀರು ಹರಿಯಿತು. ತುದಿಯಿಂದ ಸೊಂಡಿಲ ಹಾಗೆ ಏನೋ ಒಂದು ಸರಕ್ಕನೆ ಹೊರಗೆ ಬಂತು. ಉರಿ ಶುರುವಾಗಿದ್ದು ಆಗಲೇ.

ಕುಡ್ಲದ_ಗಾಳ:
ಸಿಕ್ಕಿತು ನೋಡಿ. ನಿಮಗೆ ಅದು ಕಚ್ಚಿದೆ. ಇದು ಗ್ಲಿಸೆರಾ, ಸಮುದ್ರದ ಹುಳು. ಅಮೆರಿಕದ ಮೇನ್ ರಾಜ್ಯದ ಕಡೆ ಇಳಿತದ ಹೊತ್ತಿಗೆ ಕೆಸರಿಗಿಳಿದು ಗಿಡ್ಡ ಹಿಡಿಯ ಗುದ್ದಲಿಯಲ್ಲಿ ಅಗೆದು ತೆಗೆಯುತ್ತಾರೆ. ಚರ್ಮ ತೆಳು, ಒಳಗಿನ ಕೆಂಪು ಹೊರಗೇ ಕಾಣುತ್ತದೆ. ಅದಕ್ಕೇ ಗಾಳದವರು ಬ್ಲಡ್ ವರ್ಮ್ ಅಂದರು. ಸೊಂಡಿಲ ತುದಿಯಲ್ಲಿ ನಾಲ್ಕು ಕಪ್ಪು ಹಲ್ಲು, ಅದರಲ್ಲಿ ತಾಮ್ರ ಇರುತ್ತದೆ, ಬುಡದಲ್ಲಿ ವಿಷದ ಚೀಲ. ಕಚ್ಚಿದರೆ ಜೇನು ಕುಟುಕಿದ ಹಾಗೆ. ಬಾಸ್ಟನ್ ಹತ್ತಿರ ನಾಲ್ಕು ವರ್ಷ ಇದ್ದೆ, ಸ್ಟ್ರೈಪ್ಡ್ ಬಾಸ್ ಮೀನು ಹಿಡಿಯಲು ಇದನ್ನೇ ಕೊಕ್ಕೆಗೆ ಹಾಕುತ್ತಿದ್ದೆ, ಎರಡು ಸಲ ಕಚ್ಚಿಸಿಕೊಂಡಿದ್ದೇನೆ. ತಲೆಯ ಹಿಂದೆ ಬಿಗಿಯಾಗಿ ಹಿಡಿಯಬೇಕು.

ಅಕ್ವೇರಿಯಂನವರು ಬ್ಲಡ್ ವರ್ಮ್ ಅಂದರೆ ಕೆರೆಕೆಸರಿನ ಆ ನೊಣದ ಮರಿ, ಉಗುರಿನ ಉದ್ದವೂ ಕಷ್ಟ. ಹೆಸರು ಒಂದೇ, ಪ್ರಾಣಿ ಬೇರೆ.

ಡಿಸ್ಕಸ್_ಮೈಸೂರು:
ಎರಡೂ ಕೆಂಪಾಗಿರುವುದು ಹಿಮೋಗ್ಲೋಬಿನ್‌ನಿಂದಲೇ ಅಲ್ವಾ? ಅಲರ್ಜಿ ಆಗಿರಲೂಬಹುದು.

ಕುಡ್ಲದ_ಗಾಳ:
ಹೆಸರು ಒಂದಾಗಿದ್ದೂ ಆ ಕೆಂಪಿನಿಂದಲೇ. ಆದರೆ ಸೊಂಡಿಲು ಬಂದ ಕ್ಷಣಕ್ಕೇ ಉರಿ ಶುರುವಾಗಿದೆ ಸರ್. ಅಣ್ಣಾ, ಊತ ಮೇಲಕ್ಕೆ ಏರಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಮೂರು ದಿನವಾದರೂ ಇಳಿದಿಲ್ಲ ಅಂದರೆ ಒಮ್ಮೆ ತೋರಿಸುವುದೇ ಒಳ್ಳೆಯದು. ಸಮುದ್ರದ ಹುಳು ಸಿಹಿನೀರಿನಲ್ಲಿ ಉಬ್ಬಿ ಸಾಯುತ್ತದೆ, ಕೊಳೆತು ನೀರು ಮಬ್ಬಾಗಿದೆ. ತುಂಡೆಲ್ಲ ತೆಗೆಯಿರಿ, ಕಾಲು ಭಾಗ ನೀರು ಬದಲಿಸಿ, ಅಮೋನಿಯಾ ಟೆಸ್ಟ್ ಮಾಡಿ.

ಆಸ್ಕರ್_ಮನೆ:
ಹೆಬ್ಬೆರಳ ಪಕ್ಕ ಸಣ್ಣ ಚುಕ್ಕೆಗಳಿವೆ, ಈಗ ನೋಡಿದೆ. ಅಮೋನಿಯಾ ಏರಿದೆ, ನೀರು ಬದಲಿಸುತ್ತಿದ್ದೇನೆ. ಫ್ರಿಜ್‌ನಲ್ಲಿ ಇನ್ನೂ ಏಳು ಇವೆ, ಏನು ಮಾಡಲಿ?

ಕುಡ್ಲದ_ಗಾಳ:
ಭಾನುವಾರ ಗಾಳ ತಗೊಂಡು ಕಡಲಿಗೆ ಹೋಗಿ. ಪಾಚಿಯನ್ನು ಮಾತ್ರ ನೀರಿಗೆ ಎಸೆಯಬೇಡಿ, ಅದರೊಳಗೆ ಬೇರೆ ಊರಿನ ಸಣ್ಣ ಏಡಿ, ಬಸವನಹುಳು ಇರುತ್ತವೆ. ಕಸಕ್ಕೆ ಹಾಕಿ.

ಪದಪ್ರೀತಿ:
ನೋಡಿ, ಬಸವನಹುಳು! ಅದೂ ಹುಳುವೇ.

ಹುಬ್ಬಳ್ಳಿ_ಗಪ್ಪಿ:
ಫ್ರೋಜನ್ ಕ್ಯೂಬ್ ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ, ಯಾರಾದರೂ ಹೇಳ್ರಿ.