ಲೈವ್ ಲೊಕೇಶನ್ ಕೇಳೋದು ಕಾಳಜಿನಾ, ಕಾವಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಬಿಕಾಂ ಎರಡನೇ ವರ್ಷ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ನಮ್ಮ ಕ್ಲಾಸಿನ ಹುಡುಗನೊಬ್ಬನನ್ನು ಒಂದು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಒಳ್ಳೆಯವನೇ. ನನಗೆ ಜ್ವರ ಬಂದಾಗ ಡಬ್ಬಿಯಲ್ಲಿ ಗಂಜಿ ತಂದು ಗೇಟಿನ ಹತ್ತಿರ ಕೊಟ್ಟು ಹೋಗಿದ್ದ.

ತೊಂದರೆ ಏನೆಂದರೆ, ದಿನಾ ಬೆಳಿಗ್ಗೆ ಅವನಿಗೆ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಬೇಕು, ಅಂದರೆ 8 ಗಂಟೆಗಳ ಕಾಲ ನಾನು ಎಲ್ಲಿದ್ದೇನೆ ಅಂತ ಅವನಿಗೆ ಕಾಣುತ್ತಿರಬೇಕು. ಮರೆತರೆ, ಮೆಸ್‌ನಲ್ಲಿ ರೊಟ್ಟಿ ಮುರಿಯುವಷ್ಟರಲ್ಲಿ ಮೂರು ಮಿಸ್ಡ್ ಕಾಲ್. ಈಗ ಇನ್‌ಸ್ಟಾ ಪಾಸ್‌ವರ್ಡ್ ಬೇರೆ ಬೇಕಂತೆ. ತನ್ನದನ್ನು ನಾನು ಕೇಳದೆಯೇ ಕೊಟ್ಟಿದ್ದಾನೆ, ಅದೇ ಪೇಚು.

ಎದುರು ಕೂತು ಮಾತಾಡಿದೆ. 'ನಂಬಿಕೆ ಇದ್ದರೆ ಮುಚ್ಚಿಡೋದೇನಿದೆ?' ಅಂದ. ಎರಡು ದಿನ ಲೊಕೇಶನ್ ನಿಲ್ಲಿಸಿ ನೋಡಿದೆ, ಊಟ ಬಿಟ್ಟು ಕೂತ. ರೂಮ್‌ಮೇಟ್ 'ಎಷ್ಟ್ ಕಾಳಜಿ ಮಾಡ್ತಾನ ನೋಡ' ಅಂತಾಳೆ. ಅಕ್ಕ 'ಸುಮ್ನೆ ಬಿಟ್ಟುಬಿಡು' ಅಂತಾಳೆ. ಹೊಡೆದಿಲ್ಲ, ಬೈದಿಲ್ಲ. ಅದಕ್ಕೇ ಇದನ್ನು ತಪ್ಪು ಅನ್ನಬೇಕೋ ಬೇಡವೋ ತಿಳಿಯುತ್ತಿಲ್ಲ.

ಪಾಸ್‌ವರ್ಡ್ ಕೊಡಲ್ಲ ಅಂತ ಹೇಳಿಯೂ ಸಂಬಂಧ ಉಳಿಸಿಕೊಂಡವರು ಇದ್ದೀರಾ? ಏನಂತ ಹೇಳಿದಿರಿ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇಂಥ ವಿಷಯಕ್ಕೂ ಯಾರಾದರೂ ಕರೆ ಮಾಡಿದ್ದೀರಾ?