ಅಪ್‌ಡೇಟ್: ಹಳೆಯ ಫೋನಿಗೆ ಸ್ಮಾರ್ಟ್ ಬ್ಯಾಂಡ್ ಕೊನೆಗೂ ಜೋಡಣೆಯಾಯಿತು

ಆಂಡ್ರಾಯ್ಡ್ 8 ಇರುವ ನನ್ನ ಹಳೆಯ ಫೋನಿನ ಆ್ಯಪ್‌ನಲ್ಲಿ ಸ್ಮಾರ್ಟ್ ಬ್ಯಾಂಡ್ ಎಷ್ಟು ಹುಡುಕಿದರೂ ಕಾಣಿಸುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ. ಈಗ ಅದು ಸರಿಹೋಗಿದೆ, ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

ದೋಷ ಒಂದಲ್ಲ, ಎರಡಿದ್ದವು. ಬ್ಯಾಟರಿ ಉಳಿಯಲೆಂದು ನಾನು ಲೊಕೇಶನ್ ಅನ್ನು ಸದಾ ಆಫ್ ಮಾಡಿಡುತ್ತಿದ್ದೆ. ಸುತ್ತಲಿನ ಬ್ಲೂಟೂತ್ ಸಂಕೇತಗಳಿಂದ ಫೋನ್ ಎಲ್ಲಿದೆಯೆಂದು ಊಹಿಸಲು ಸಾಧ್ಯವಿರುವುದರಿಂದ, ಆಂಡ್ರಾಯ್ಡ್ 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ಲೊಕೇಶನ್ ಅನುಮತಿಯಿಲ್ಲದ ಆ್ಯಪ್‌ಗೆ ಇಂತಹ ಸಾಧನಗಳ ಹುಡುಕಾಟದ ಫಲಿತಾಂಶವೇ ಸಿಗುವುದಿಲ್ಲ. ಬೇಸರದ ಸಂಗತಿಯೆಂದರೆ, ಎಚ್ಚರಿಕೆಯ ಒಂದು ಸಾಲೂ ಬಾರದೆ ಪರದೆಯ ಮೇಲೆ ಚಕ್ರ ಮಾತ್ರ ಸುತ್ತುತ್ತಲೇ ಇತ್ತು.

ಲೊಕೇಶನ್ ಆನ್ ಮಾಡಿ ಅನುಮತಿ ಕೊಟ್ಟ ಮೇಲೂ ಬ್ಯಾಂಡ್ ಕಾಣಲಿಲ್ಲ. ಬೇರೆ ಫೋನಿಗೆ ಜೋಡಿಸಿದ್ದಿರಾ ಎಂದು ನಿಮ್ಮಲ್ಲೊಬ್ಬರು ಕೇಳಿದಾಗಲೇ ನೆನಪಾದದ್ದು, ಮೊದಲ ದಿನ ಅದನ್ನು ಪರೀಕ್ಷಿಸಿದ್ದು ಮಗಳ ಫೋನಿನಲ್ಲಿ. ಅವಳು ಪಕ್ಕದ ಕೋಣೆಯಲ್ಲಿದ್ದಾಗಲೆಲ್ಲ ಬ್ಯಾಂಡ್ ಸದ್ದಿಲ್ಲದೆ ಅವಳ ಫೋನಿಗೇ ಅಂಟಿಕೊಳ್ಳುತ್ತಿತ್ತು, ಹಾಗೆ ಅಂಟಿಕೊಂಡಷ್ಟು ಹೊತ್ತು ನನ್ನ ಫೋನಿಗೆ ತನ್ನ ಇರವನ್ನೇ ತೋರಿಸುತ್ತಿರಲಿಲ್ಲ. ಅವಳ ಫೋನಿನಲ್ಲಿ ಅನ್‌ಪೇರ್ ಮಾಡಿ (ಜೋಡಣೆ ತೆಗೆದು), ಬ್ಯಾಂಡನ್ನು ರೀಸೆಟ್ ಮಾಡಿ, ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಿಂದಲ್ಲದೆ ಆ್ಯಪ್‌ನ ಒಳಗಿನಿಂದಲೇ ಸೇರಿಸಿದೆ. ಜೋಡಣೆಯನ್ನು ಖಚಿತಪಡಿಸುವ ಆರಂಕಿಯ ಸಂಖ್ಯೆ ಫೋನ್ ಮತ್ತು ಬ್ಯಾಂಡ್ ಎರಡರ ಪರದೆಗಳಲ್ಲೂ ಒಟ್ಟಿಗೆ ಮೂಡಿತು.